ಬಂದೂಕು ಆರಿಸೋ ಮಾತಿಗೆ ಹೆಂಗಸ್ರೂ ಕೂತ್ಕಬೇಕು

ಮಿಕ್ಸಿ ತಗಳೋವಾಗ ನಮ್ಮನ್ನ ಕೇಳ್ತಾರೆ. ಗ್ಯಾಸ್ ಒಲೆ ಎರಡು ಬರ್ನರ್ದು ಸಾಕಾ, ಮೂರು ಬೇಕಾ ಅಂತ ಕೇಳ್ತಾರೆ. ಬಂದೂಕು ತರೋವಾಗ ಮಾತ್ರ ಒಬ್ರೂ ಕೇಳಲ್ಲ. ಜಗಲಿ ಮ್ಯಾಲೆ ಕೂತು ಗಂಡಸ್ರು ಮಾತಾಡಿ ಮುಗಿಸ್ತಾರೆ, ನಾವು ಒಳಗಿಂದ ಚಾ ಕೊಟ್ಟು ಸುಮ್ನಾಗ್ತೀವಿ. ಆದ್ರೆ ಆ ಬಂದೂಕು ಇರೋದು ಜಗಲಿ ಮ್ಯಾಲಲ್ಲ ಕಣ್ರೇ. ನಾವು ಮಲಗೋ ಕೋಣೇಲಿ, ಬೀರು ಪಕ್ಕದಲ್ಲಿ, ಮಕ್ಕಳು ಓಡಾಡೋ ಜಾಗದಲ್ಲಿ. ಹಂಗಾಗಿ ಯಾವ ಬಂದೂಕು, ಯಾಕೆ, ಎಲ್ಲಿ ಇಡ್ತೀರಿ ಅಂತ ಕೇಳೋ ಹಕ್ಕು ಮೊದ್ಲು ನಮಗೈತೆ ಅಂತ ನಾನು ಅಂತೀನಿ.

ಈಗ ಯಾಕೆ ಈ ಮಾತು ಅಂದ್ರೆ, ನಮ್ಮ ಮನೆತನದಲ್ಲೇ ಇಬ್ರು ಹುಡುಗ್ರಿಗೆ ಒಂದೇ ಸಲಕ್ಕೆ ಈ ಹುಚ್ಚು ಹತ್ತೈತೆ. ಒಬ್ಬ ನಮ್ಮಣ್ಣನ ಮಗ, ಅಮೆರಿಕದ ಟೆಕ್ಸಾಸಲ್ಲಿ ಕೆಲಸ. ಅವನ ಆಫೀಸಿನ ಗೆಳೆಯಂದು ಜಮೀನೈತೆ, ಅಲ್ಲಿ ಕಾಡುಹಂದಿ ಕಾಟ, ಬೇಟೆಗೆ ಕರೀತಾರೆ. ಇನ್ನೊಬ್ಬ ನಮ್ಮ ಮೈದುನನ ಮಗ, ಇಲ್ಲೇ ಬಸವಾಪಟ್ಟಣದಾಗೆ ಮೆಕ್ಕೆಜೋಳ, ಅಡಿಕೆ ನೋಡ್ಕಂಡು ಇರೋನು. ಅವನು ಒಂದು ವಿಡಿಯೋ ಹಾಕಿದ, ಇವನು ನೋಡಿದ. "ಗುರಿ ತಪ್ಪದೇ ಇರೋ ಸೆಮಿ ಆಟೋಮ್ಯಾಟಿಕ್ ರೈಫಲ್ ಯಾವುದು ಒಳ್ಳೇದು" ಅಂತ ಮನೆಯೋರ ವಾಟ್ಸಾಪ್ ಗ್ರೂಪಲ್ಲಿ ಇಬ್ರೂ ಕೇಳಿದ್ರು. ಗ್ರೂಪಲ್ಲಿರೋ ಭಾವಂದಿರು, ಮಾವಂದಿರು ಒಬ್ಬೊಬ್ರು ಒಂದೊಂದು ಹೆಸ್ರು ಹೇಳಿದ್ರು. ಆ ಇಬ್ರು ಹುಡುಗ್ರ ಹೆಂಡ್ತೀರು ಮಾತ್ರ ನನಗೆ ಬೇರೆ ಬೇರೆಯಾಗಿ ಫೋನ್ ಮಾಡಿ, "ನೀವೇ ಒಂದು ಮಾತು ಹೇಳ್ರಿ" ಅಂದ್ರು. ನನಗೇ ಯಾಕೆ ಅಂದ್ರೆ, ನನ್ನ ತವರುಮನೆ ತರೀಕೆರೆ ಕಡೆ. ಅಪ್ಪನ ಹತ್ರ ಲೈಸೆನ್ಸಿಂದು ಜೋಡಿ ನಳಿಗೆ ಬಂದೂಕಿತ್ತು. ಅದಕ್ಕೆ ಎಣ್ಣೆ ಹಾಕೋದು, ನಳಿಗೆ ಒರೆಸೋದು ನೋಡ್ತಾ ಬೆಳೆದೋಳು ನಾನು.

ಮೊದ್ಲು ಈ ಸೆಮಿ ಆಟೋಮ್ಯಾಟಿಕ್ ಅಂದ್ರೆ ಏನು ಅಂತ ನಮ್ಮ ಭಾಷೇಲಿ ಹೇಳ್ತೀನಿ. ಕೈಸೂಜೀಲಿ ಹೊಲಿಯೋದಕ್ಕೂ ಹೊಲಿಗೆ ಮಷೀನಲ್ಲಿ ಹೊಲಿಯೋದಕ್ಕೂ ಏನು ವ್ಯತ್ಯಾಸವೋ ಇಲ್ಲೂ ಹಂಗೇ. ಬೋಲ್ಟ್ ರೈಫಲ್ ಅಂದ್ರೆ ಕೈಸೂಜಿ. ಒಂದು ಗುಂಡು ಹೊಡೆದ್ಮೇಲೆ ಪಕ್ಕದ ಕೊಂಡಿ ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿದ್ರೇನೇ ಇನ್ನೊಂದು ತೋಟಾ ಒಳಗೆ ಕೂರೋದು. ಸೆಮಿ ಆಟೋಮ್ಯಾಟಿಕ್‌ನಲ್ಲಿ ಹೊಡೆದ ಗುಂಡಿನ ಮದ್ದಿನ ಗಾಳಿ, ಇಲ್ಲಾ ಅದರ ಒದೆತವೇ ಖಾಲಿ ತೋಟಾ ಆಚೆ ಎಸೆದು ಹೊಸದನ್ನ ಕೂರಿಸ್ತದೆ. ಆದ್ರೆ ಪ್ರತಿ ಗುಂಡಿಗೂ ಕುದುರೆ ಒಂದೊಂದು ಸಲ ಎಳೀಲೇಬೇಕು. ಬೆರಳು ಒತ್ತಿ ಹಿಡಿದ್ರೆ ಮಳೆ ಸುರಿದಂಗೆ ಸುರಿಯೋದು ಮಿಲಿಟ್ರಿಯೋರ ಆಟೋಮ್ಯಾಟಿಕ್, ಅದು ಬೇರೆ.

ಇನ್ನು ಗುರಿ ವಿಷ್ಯ. ಬೋಲ್ಟ್ ರೈಫಲಲ್ಲಿ ಅಲುಗಾಡೋ ಭಾಗ ಕಮ್ಮಿ, ಬೀಗ ಹಾಕಿದಂಗೆ ಗಟ್ಟಿಯಾಗಿ ಕೂತಿರ್ತದೆ. ಹಂಗಾಗಿ ಅದೇ ದುಡ್ಡಿಗೆ ಸಾಮಾನ್ಯವಾಗಿ ಗುರಿ ಅದರಲ್ಲೇ ಚೆನ್ನಾಗಿರ್ತದೆ. ಈಗಿನ ಒಳ್ಳೇ ಸೆಮಿ ಆಟೋಮ್ಯಾಟಿಕ್‌ಗಳೂ ಹಿಂದೆ ಬಿದ್ದಿಲ್ಲ ಅನ್ನಿ. ಬ್ರೌನಿಂಗ್ ಕಂಪನಿ ಬೇಟೆಗೇ ಅಂತ 1967ರಲ್ಲಿ ತಂದ ಬಿಎಆರ್ ಅನ್ನೋದು ಇವತ್ತಿಗೂ ಐತೆ, ಜಿಂಕೆ, ಹಂದಿ ಬೇಟೆಗೆ ಅಲ್ಲಿನೋರು ಅದನ್ನ ಮೆಚ್ಚಿಕಂತಾರೆ. ಅಂಗಡಿಯೋರು "100 ಗಜ ದೂರಕ್ಕೆ ಎಲ್ಲಾ ಗುಂಡೂ ಒಂದು ಇಂಚಿನೊಳಗೆ ಬೀಳ್ತಾವೆ" ಅಂತ ಹೊಗಳ್ತಾರೆ. ಅದನ್ನೇ ಮಿನಿಟ್ ಆಫ್ ಆಂಗಲ್ ಅಂತ ದೊಡ್ಡ ಹೆಸರಿಟ್ಟು ಹೇಳ್ತಾರೆ. ನಾನು ಕೇಳ್ತೀನಿ, ಹಂದಿ ಎದೆಭಾಗ ಅಂದ್ರೆ ಒಂದು ಊಟದ ತಟ್ಟೆ ಅಗಲ. ಅದಕ್ಕೆ ಒಂದಾದ್ರೇನು, ಎರಡು ಇಂಚಾದ್ರೇನು? ಅಂಗಡೀಲಿ ಮರಳಿನ ಚೀಲದ ಮ್ಯಾಲೆ ಇಟ್ಟು ಹೊಡೆದ ಗುರಿ ಬೇರೆ, ಕತ್ತಲಾಗೋ ಹೊತ್ತಲ್ಲಿ ಏದುಸಿರು ಬಿಡ್ತಾ ನಿಂತು ಹೊಡೆಯೋ ಗುರಿ ಬೇರೆ.

ಅದಕ್ಕೇ ಟೆಕ್ಸಾಸಿನ ಹುಡುಗ್ನಿಗೆ ನಾನು ಹೇಳಿದ್ದು ಇಷ್ಟು. ಹೆಸರು ನೋಡಿ ತಗಬ್ಯಾಡ, ನಿನ್ನ ಹೆಗಲಿಗೆ ಹೊಂದೋದು ತಗ. ರವಿಕೆ ಅಳತೆ ಬೇರೆಯೋರದ್ದು ನಮಗೆ ಆಗ್ತದಾ? ಬಂದೂಕಿನ ಹಿಂಬದಿ ಕಟ್ಟಿಗೆ ಉದ್ದ ಜಾಸ್ತಿ ಆದ್ರೆ ಕೆನ್ನೆ ಸರಿಯಾಗಿ ಕೂರಲ್ಲ, ಕಮ್ಮಿ ಆದ್ರೆ ದುರ್ಬೀನು ಹುಬ್ಬಿಗೆ ಬಡೀತದೆ. ಕುದುರೆ ಬಿಗಿಯಾಗಿದ್ರೆ ಎಳೆಯೋವಾಗ್ಲೇ ನಳಿಗೆ ಪಕ್ಕಕ್ಕೆ ಹೋಗ್ತದೆ, ಅದಕ್ಕೆ ಮೆತ್ತಗೆ, ಒಂದೇ ಸಮ ಬಿಡೋಂಥದ್ದು ಬೇಕು. ಮಷೀನಿಗೆ ಒಂದೊಂದು ದಾರ ಒಗ್ಗಿದಂಗೆ ಒಂದೊಂದು ಬಂದೂಕಿಗೆ ಒಂದೊಂದು ಕಂಪನಿ ತೋಟಾನೇ ಒಗ್ಗೋದು, ನಾಕು ಥರ ತಂದು ಹೊಡೆದು ನೋಡ್ಬೇಕು. ಸೆಮಿ ಆಟೋಮ್ಯಾಟಿಕ್ ಆದ್ರೆ ಇದು ಇನ್ನೂ ಮುಖ್ಯ, ಒಗ್ಗದ ತೋಟಾ ಮಧ್ಯದಲ್ಲಿ ಸಿಕ್ಕಿಹಾಕ್ಕಂತದೆ. ಮಸಿ ಕಟ್ಟಿದ್ರೂ ಸಿಕ್ಕಿಹಾಕ್ಕಂತದೆ, ಹಂಗಾಗಿ ಬಿಚ್ಚಿ ಒರೆಸೋ ತಾಳ್ಮೆ ಇದ್ರೆ ಮಾತ್ರ ಅದರ ಸಹವಾಸ. ತಿಂದ ತಟ್ಟೆ ತೊಳೀದೇ ಏಳೋ ಹುಡುಗ ಇವನು, ಅವನ ಹೆಂಡ್ತಿಗೂ ಗೊತ್ತು, ಅದೇ ನನ್ನ ಅನುಮಾನ.

ಹಂದಿಗಳು ಹಿಂಡಿಗೆ ಹಿಂಡೇ ಬರ್ತಾವೆ, ಎರಡನೇ ಗುಂಡು ಬೇಗ ಬೇಕು ಅಂತ ಅವನ ವಾದ. ಅದರಲ್ಲಿ ಅರ್ಥ ಐತೆ, ಇಲ್ಲ ಅನ್ನಲ್ಲ. ಗಾಯ ಆಗಿ ಓಡಿಹೋದ ಪ್ರಾಣಿ ನರಳೋದಕ್ಕಿಂತ ಎರಡನೇದು ಬೇಗ ಬೀಳೋದು ವಾಸಿ. ಆದ್ರೆ ಎರಡನೇದು ಸುಲಭ ಅಂತ ಗೊತ್ತಿದ್ದೋನು ಮೊದಲ್ನೇದನ್ನ ಅವಸರದಲ್ಲಿ ಹೊಡೀತಾನೆ. ಅಮೆರಿಕದಲ್ಲೇ ಪೆನ್ಸಿಲ್ವೇನಿಯಾ ರಾಜ್ಯದೋರು 2017ರಲ್ಲಿ ಸಣ್ಣ ಪ್ರಾಣಿ ಬೇಟೆಗೆ ಸೆಮಿ ಆಟೋಮ್ಯಾಟಿಕ್ ರೈಫಲ್ ಬಿಟ್ರು, ಜಿಂಕೆಗೆ ಬಿಡ್ಲಿಲ್ಲ. ನರಭಕ್ಷಕ ಹುಲಿ ಹಿಂದೆ ಹೋದ ಜಿಮ್ ಕಾರ್ಬೆಟ್ ಹತ್ರ ಇದ್ದಿದ್ದು ಕೈಲಿ ಎಳೆಯೋ .275 ರಿಗ್ಬಿ. ತೇಜಸ್ವಿಯೋರು ಕನ್ನಡಕ್ಕೆ ತಂದ ಕಾಡಿನ ಕತೆಗಳ ಕೆನೆತ್ ಆಂಡರ್ಸನ್ ಹತ್ರ ಇದ್ದಿದ್ದು .405 ವಿಂಚೆಸ್ಟರ್, ಅದನ್ನೂ ಕೈಲೇ ತಿರುಗಿಸ್ಬೇಕು. ಹುಲಿಗೇ ಸಾಕಾದದ್ದು ಹಂದಿಗೆ ಸಾಲಲ್ಲ ಅಂದ್ರೆ ಕೊರತೆ ಇರೋದು ಬಂದೂಕಲ್ಲಲ್ಲ.

ಅವನ ಹೆಂಡ್ತಿಗೆ ನಾನು ಹೇಳಿದ ದೊಡ್ಡ ಮಾತು ಮಾತ್ರ ಬೇರೆ. ಅವರು ಇರೋದು ಎಚ್-1ಬಿ ವೀಸಾದಲ್ಲಿ. ಅಂಥ ವೀಸಾದಲ್ಲಿ ಇರೋರು ಅಮೆರಿಕದ ಕಾನೂನಲ್ಲಿ ಬಂದೂಕು ಇಟ್ಕಳೋಂಗಿಲ್ಲ. ಚಾಲ್ತೀಲಿರೋ ಬೇಟೆ ಲೈಸೆನ್ಸ್ ಇದ್ರೆ ಅದೊಂದು ವಿನಾಯ್ತಿ. ಟೆಕ್ಸಾಸಲ್ಲಿ 2019ರಿಂದ, ಜಮೀನಿನ ಯಜಮಾನ ಒಪ್ಪಿದ್ರೆ ಕಾಡುಹಂದಿ ಹೊಡೆಯೋಕೆ ಬೇಟೆ ಲೈಸೆನ್ಸೇ ಬ್ಯಾಡ ಅಂತ ಮಾಡ್ಯಾರೆ. "ಲೈಸೆನ್ಸ್ ಬ್ಯಾಡವಂತೆ ಬಾ" ಅಂತ ಗೆಳೆಯ ಕರೆದ್ರೆ ಗೆಳೆಯನ ಪಾಲಿಗೆ ಅದು ನಿಜ. ನಮ್ಮ ಹುಡುಗ್ನ ಪಾಲಿಗೆ ಆ ಒಂದು ಚೀಟಿ ಇಲ್ದಿದ್ರೆ ವೀಸಾ, ಕೆಲಸ, ಮಗು ಸ್ಕೂಲು ಎಲ್ಲಾ ಗಾಳಿಗೆ. ರೈಫಲ್ಲಿನ ಗುರಿ ನೋಡೋಕೂ ಮುಂಚೆ ಆ ಚೀಟಿ ತಾರೀಕು ನೋಡ್ಕ ಅಂದೆ.

ಈಗ ನಮ್ಮೂರಿಗೆ ಬರ್ತೀನಿ. ಇಲ್ಲಿರೋ ಹುಡುಗ್ನಿಗೆ ಉತ್ತರ ಸಣ್ಣದು: ಅಂಥಾದ್ದು ನಿನಗೆ ಸಿಗಲ್ಲ ಕಣಪ್ಪ. 2016ರ ಶಸ್ತ್ರಾಸ್ತ್ರ ನಿಯಮದಾಗೆ ಸೆಮಿ ಆಟೋಮ್ಯಾಟಿಕ್ ರೈಫಲನ್ನ ಬಿಗಿ ಮಾಡಿರೋ ದರ್ಜೆಗೆ ಸೇರ್ಸ್ಯಾರೆ, ರೈತರಿಗೆ ಡಿಸಿ ಆಫೀಸಲ್ಲಿ ಕೊಡೋ ಲೈಸೆನ್ಸಲ್ಲಿ ಅದು ಬರಲ್ಲ. ಬೆಳೆ ಕಾಯೋಕೆ ಅಂತ 1959ರ ಶಸ್ತ್ರಾಸ್ತ್ರ ಕಾಯಿದೆ ಹೇಳೋದೇ ಬಾಯಿಂದ ಮದ್ದು ತುಂಬೋ ಕೋವಿ. ಅದು ಸಾಲಲ್ಲ ಅಂತ ಅಧಿಕಾರಿಗೆ ಅನ್ಸಿದ್ರೆ, ಒಳಗೆ ನುಣ್ಣಗಿರೋ ನಳಿಗೇದು, ನಳಿಗೆ 20 ಇಂಚಿಗೆ ಕಮ್ಮಿ ಇರಬಾರದು. ನಮ್ಮಪ್ಪಂದು ಅಂಥಾದ್ದೇ 12 ಬೋರು. "ಕೊಡಗಿನೋರಿಗೆ ಲೈಸೆನ್ಸೇ ಬ್ಯಾಡ, ನಮಗ್ಯಾಕೆ ಬೇಕು" ಅಂತ ಇವನ ಇನ್ನೊಂದು ವಾದ. ಅದು ಕೊಡವರಿಗೂ ಜಮ್ಮಾ ಭೂಮಿ ಇರೋರಿಗೂ ಬ್ರಿಟಿಷರ ಕಾಲದಿಂದ ನಡ್ಕಂಡು ಬಂದ ವಿನಾಯ್ತಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರ್ಸೈತೆ. ಅವರು ಕೈಲ್‌ಪೊಳ್ದು ಹಬ್ಬಕ್ಕೆ ಕೋವಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೀತಾರೆ, ಹೆಣ್ಣುಮಕ್ಕಳೂ ಹೊಡೀತಾರೆ. ನಮ್ಮಲ್ಲಿ ಆಯುಧಪೂಜೆ ದಿನ ಕುಡಗೋಲು, ಬೈಕಿನ ಜೊತೆ ಬಂದೂಕಿಗೂ ಕುಂಕುಮ ಇಡೋದು ನಾವೇ. ಉಳಿದ ದಿನ ಮುಟ್ಟಿದ್ರೆ ಬೈತಾರೆ.

ಹಂಗಂತ ಹಂದಿ ಕಾಟ ಸಣ್ಣದು ಅಂತ ನಾನು ಹೇಳ್ತಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳ ಹಾಕಿರೋರನ್ನ ಕೇಳ್ರಿ. ತೆನೆ ಹಾಲು ತುಂಬೋ ಹೊತ್ತಿಗೆ ಸರಿಯಾಗಿ ಬಂದು, ತಿನ್ನೋದು ಒಂದು ಪಾಲು, ಮುರಿದು ಕೆಡವೋದು ಮೂರು ಪಾಲು. ಬೀಜ, ಗೊಬ್ಬರದ ಸಾಲ ತೀರಿಸ್ಬೇಕಾದ ತೆನೆ ಬೆಳಗಾಗೋದ್ರೊಳಗೆ ನೆಲ ಹಿಡಿದಿರ್ತದೆ. ನಮ್ಮ ಎಷ್ಟು ಹಳೇ ಸೀರೆ ಹೊಲದ ಸುತ್ತ ಬೇಲಿ ಆಗ್ಯಾವೆ ಅಂತ ಲೆಕ್ಕ ಇಟ್ಟೋರು ಯಾರು? ನನ್ನ ಮದುವೇಲಿ ಅತ್ತೆ ಕೊಟ್ಟ ಹಸಿರು ಸೀರೇನೂ ಎರಡು ಮಳೆಗಾಲ ಬದುವಿನ ಮ್ಯಾಲೆ ನಿಂತು ಚಿಂದಿಯಾತು. ಸೀರೆ ಕಟ್ತೀವಿ, ಕ್ಷೌರದಂಗಡಿಯಿಂದ ಕೂದಲು ತಂದು ಚೆಲ್ತೀವಿ, ತಗಡು ಬಡೀತೀವಿ. ಒಂದಷ್ಟು ದಿನ ನಡೀತದೆ, ಆಮೇಲೆ ಹಂದಿಗೂ ಗೊತ್ತಾಗ್ತದೆ. ಕಾಸಿದ್ದೋರು ಸೋಲಾರ್ ಬೇಲಿ ಹಾಕಿಸ್ತಾರೆ, ಅದು ಝಾಡಿಸ್ತದೆ, ಕೊಲ್ಲಲ್ಲ. ಮನೆ ಕರೆಂಟನ್ನೇ ತಂತಿಗೆ ಕೊಟ್ಟೋರ ಹೊಲದಾಗೆ ಹಂದಿಗಿಂತ ಮೊದ್ಲು ಸತ್ತೋರು ಮನುಷ್ಯರು, ದನ.

ಬಂದೂಕಿಗೆ ಇಲ್ಲಿ ಇರೋ ಕೆಲಸ ಸದ್ದು ಮಾಡೋದು, ಅಷ್ಟೇ. ಸದ್ದಿಗೆ ಗುರಿ ಬೇಕಾಗಿಲ್ಲ. ಬೇಟೆ ಆಡೋದಂತೂ 1972ರ ವನ್ಯಜೀವಿ ಕಾಯಿದೇಲಿ ಅಪರಾಧ. 2022ರ ತಿದ್ದುಪಡಿ ಆದ್ಮೇಲೆ ಹಂದಿ ಎರಡನೇ ಪಟ್ಟೀಲೈತೆ. ಬೆಳೆ ಹಾಳು ಮಾಡೋ ಹಂದೀನ ಹೊಡೀಬೇಕಾದ್ರೂ ಅಧಿಕಾರ ಇರೋ ಅರಣ್ಯದ ಅಧಿಕಾರಿ ಬರವಣಿಗೇಲಿ ಅಪ್ಪಣೆ ಕೊಟ್ಟಿರ್ಬೇಕು. ಸತ್ತ ಹಂದಿ ಸರ್ಕಾರದ್ದು, ನಮ್ಮ ಒಲೆ ಮ್ಯಾಲಿನ ಪಾತ್ರೇದಲ್ಲ. "ಅಕ್ಕಾ, ಒಂಚೂರು ಮಸಾಲೆ ಅರೆದಿಡು" ಅಂತ ರಾತ್ರಿ ಹತ್ತು ಗಂಟೆಗೆ ಯಾರಾದ್ರೂ ಬಂದ್ರೆ, ಆ ಮಸಾಲೆ ಅರೆದ ಕಲ್ಲೂ ಕೇಸಿನಾಗೆ ಸಾಕ್ಷಿ ಆಗ್ಬಹುದು ಅಂತ ನೆನಪಿಟ್ಕಳ್ರಿ. ಕತ್ತಲಲ್ಲಿ ಹಂದಿ ಅಂತ ಹೊಡೆದದ್ದು ಬೇರೇನೋ ಆದ್ರೆ ಇನ್ನೂ ಕಷ್ಟ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನ ಕೊಂಡುಕುರಿಗೋಸ್ಕರವೇ ಅಭಯಾರಣ್ಯ ಮಾಡ್ಯಾರೆ. ಕೊಂಡುಕುರಿ, ನವಿಲು ಇವೆಲ್ಲ ಮೊದಲ್ನೇ ಪಟ್ಟಿ, ಮೂರರಿಂದ ಏಳು ವರ್ಷ ಜೈಲು.

ರೈಫಲ್ ಬ್ಯಾಡ ಅನ್ನೋಕೆ ನನ್ನ ಹತ್ರ ಕಾನೂನಿಗಿಂತ ದೊಡ್ಡ ಕಾರಣ ಐತೆ. ಚರೆ ತುಂಬಿದ ತೋಟಾ ನಲವತ್ತು ಗಜ ಹೋಗೋದ್ರೊಳಗೆ ಚದುರಿ ಶಕ್ತಿ ಕಳ್ಕಂತಾ ಬರ್ತದೆ. ರೈಫಲ್ ನಳಿಗೆ ಒಳಗೆ ಸುರುಳಿ ಗೀರು ಇರ್ತದೆ, ಗುಂಡು ಬುಗುರಿ ಥರ ತಿರುಗ್ತಾ ಹೋಗ್ತದೆ, ಗುರಿ ತಪ್ಪಿದ್ರೆ ಒಂದೆರಡು ಕಿಲೋಮೀಟರ್ ದಾಟಿ ಹೋಗಬಲ್ಲದು. ಟೆಕ್ಸಾಸಲ್ಲಿ ಒಬ್ರ ಜಮೀನು ದಾಟೋಕೆ ಕಾರು ಬೇಕಂತೆ. ನಮ್ಮಲ್ಲಿ ಎರಡೆಕರೆ ಆಚೆಗೆ ಇನ್ನೊಬ್ರ ಹೊಲ, ಅದರಾಚೆ ಕಣ, ಅದರಾಚೆ ಸೂಳೆಕೆರೆ ನೀರು ಕಟ್ಟೋಕೆ ರಾತ್ರೀಲಿ ಗದ್ದೆಗೆ ಹೋದೋರು. ಬೆಳಗಿನ ಜಾವ ಹುಲ್ಲು ಕೊಯ್ಯೋಕೆ ಹೋಗೋರು ಯಾರು? ನಾವೇ. ಬಗ್ಗಿ ಹುಲ್ಲು ಕೊಯ್ಯೋ ಹೆಂಗಸು ಮಂಜಿನಾಗೆ ಹೆಂಗೆ ಕಾಣ್ತಾಳೆ ಅಂತ ಒಂದು ಸಲ ಯೋಚ್ನೆ ಮಾಡ್ರಿ. ಹಂದಿ ಅಂತ ತಿಳ್ದು ಜೊತೆಗೆ ಹೋದೋನಿಗೇ ಹೊಡೆದ ಸುದ್ದಿ ಮಲೆನಾಡಿನ ಕಡೆಯಿಂದ ಪೇಪರಲ್ಲಿ ಬರ್ತಾನೇ ಇರ್ತದೆ. ಅಲ್ಲಿ ಗುರಿ ತಪ್ಪಿರಲ್ಲ. ಗುರಿ ಸರಿಯಾಗೇ ಇರ್ತದೆ.

"ಆನೆ ಬಂದ್ರೆ?" ಅಂತಾನೆ ಹುಡುಗ. 2023ರ ಏಪ್ರಿಲಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಲ್ಲೇ ಕಾಡಾನೆ ದಾಳೀಲಿ ಒಂದು ಹೆಣ್ಣುಮಗು ಹೋತು, ಯಾರಿಗೂ ಮರೆತಿಲ್ಲ. ಅದನ್ನ ಹಿಡಿಯೋಕೆ ಹೋದ ವನ್ಯಜೀವಿ ಡಾಕ್ಟರಿಗೇ ಜೋರು ಏಟಾತು, ಅವರು ಅದಕ್ಕಂತಲೇ ಕಲಿತೋರು, ಕೈಲಿ ಅರವಳಿಕೆ ಬಂದೂಕು ಇಟ್ಕಂಡೋರು. ನಿನ್ನ ಬಂದೂಕು ಅಲ್ಲಿ ಏನು ಮಾಡ್ತಿತ್ತು? ಅದೂ ಅಲ್ದೆ ಆ ಏಪ್ರಿಲಲ್ಲಿ ಎಲೆಕ್ಷನ್ನು. ಎಲೆಕ್ಷನ್ ಬಂದಾಗೆಲ್ಲ ಲೈಸೆನ್ಸ್ ಬಂದೂಕು ಠಾಣೇಲಿ ಇಡ್ರಿ ಅಂತಾರೆ, ಅಲ್ಲಿ ಗೋಡೆಗೆ ಒರಗಿ ನಿಂತಿರ್ತಾವೆ.

ಇನ್ನು ಮನೆ ಒಳಗಿನ ಮಾತು. ಇದನ್ನ ಜಗಲೀಲಿ ಯಾರೂ ಆಡಲ್ಲ. ನಮಗೆ ಗೊತ್ತಿರೋ ಒಂದು ಮನೆ, ಹೆಸರು ಬ್ಯಾಡ. ಯಜಮಾನ ಹಗಲೊತ್ತು ಬಂಗಾರ, ಕುಡಿದ್ರೆ ಅಣ್ಣತಮ್ಮಂದಿರ ಬದುವಿನ ಜಗಳ ತೆಗೆದು ಅಟ್ಟದ ಕಡೆ ನೋಡ್ತಿದ್ದ. ಅವನ ಹೆಂಡ್ತಿ ಹದಿನಾಕು ವರ್ಷ ತೋಟಾಗಳನ್ನ ರಾಗಿ ಡಬ್ಬದ ತಳದಲ್ಲಿ ಮುಚ್ಚಿಟ್ಟು ಸಂಸಾರ ಮಾಡಿದಳು. ವಾರಕ್ಕೊಂದು ಸಲ ಡಬ್ಬ ಬದಲಾಯಿಸೋಳು. ಒಂದು ರಾತ್ರಿ ಅವನು ಖಾಲಿ ಬಂದೂಕನ್ನೇ ಎತ್ಕಂಡು ಬೀದಿಗೆ ಹೋದ. ಖಾಲಿ ಇದ್ದದ್ದಕ್ಕೆ ಇವತ್ತು ಆ ಎರಡು ಮನೆ ಮಕ್ಕಳು ಒಟ್ಟಿಗೆ ಸ್ಕೂಲಿಗೆ ಹೋಗ್ತಾವೆ. ಅವನ ಬಂದೂಕು ಒಂದು ಸಲಕ್ಕೆ ಒಂದೇ ಗುಂಡಿಂದು. ಹತ್ತು ಗುಂಡು ತನ್ನಷ್ಟಕ್ಕೆ ತಾನೇ ತುಂಬ್ಕಳೋ ಬಂದೂಕು ಆ ಮನೇಲಿ ಇದ್ದಿದ್ರೆ ರಾಗಿ ಡಬ್ಬ ಎಷ್ಟು ಬೇಕಾಗ್ತಿತ್ತೋ! ಹೆದರಿಕೆ ಹುಡುಗ್ರ ಬಗ್ಗೇನೂ ಐತೆ. ಪರೀಕ್ಷೇಲಿ ಫೇಲಾದ ಮಗ, ಸಾಲ ಮೈಮ್ಯಾಲೆ ಬಂದ ಗಂಡ, ಇವರ ಕೆಟ್ಟ ಗಳಿಗೆ ಅರ್ಧ ತಾಸಿಂದಾಗಿರ್ತದೆ. ಆ ಅರ್ಧ ತಾಸು ಬಂದೂಕಿಗೆ ಬೀಗ ಬಿದ್ದಿರ್ಬೇಕು. ಅದಕ್ಕೆ ಇಲ್ಲಿರೋ ಸೊಸೆಗೆ ನಾನು ಹೇಳಿದ್ದು, ಬಂದೂಕು ತರೋ ದುಡ್ಡಲ್ಲಿ ಮೊದ್ಲು ಗೋಡೆಗೆ ಬಿಗಿಯೋ ಕಬ್ಬಿಣದ ಪೆಟ್ಟಿಗೆ ಬರ್ಲಿ. ತೋಟಾ ಬೇರೆ ಬೀಗದಾಗೆ, ಆ ಬೀಗದ ಕೈ ನಿನ್ನ ಹತ್ರ. ಇದಕ್ಕೆ ಒಪ್ಪದ ಗಂಡನಿಗೆ ಬಂದೂಕು ಬ್ಯಾಡ. "ಹಂದಿ ಬಂದಾಗ ನಿನ್ನ ಎಬ್ಬಿಸ್ಬೇಕಾ" ಅಂದ್ನಂತೆ. ಎಬ್ಬಿಸ್ಲಿ, ಹಾಲು ಕರೆಯೋಕೆ ಹೆಂಗೂ ನಾಕೂವರೆಗೆ ಏಳ್ತಾಳೆ.

ಕೊನೇದಾಗಿ, ಬಂದೂಕು ಈಗಾಗ್ಲೇ ಮನೇಲಿರೋ ಅಕ್ಕಂದಿರಿಗೆ, ಚಿಗವ್ವಂದಿರಿಗೆ. ಲೈಸೆನ್ಸ್ ಇರೋದು ಮನುಷ್ಯನ ಹೆಸರಿಗೆ, ಮನೆ ಹೆಸರಿಗಲ್ಲ. ಮಾವನೋ ಗಂಡನೋ ತೀರ್ಕಂಡ ಮ್ಯಾಲೆ ಅಟ್ಟದ ಮ್ಯಾಲಿರೋ ಬಂದೂಕು ಲೈಸೆನ್ಸ್ ಇಲ್ದ ಬಂದೂಕು, ಮನೇಲಿ ಇಟ್ಕಂಡೋರು ಉತ್ತರ ಹೇಳ್ಬೇಕು. ನಮ್ಮ ಓಣೀಲೇ ಒಬ್ಬ ದೊಡ್ಡವ್ವ, ಗಂಡ ಹೋಗಿ ಎರಡು ವರ್ಷ ಆದ್ರೂ "ಅವರ ನೆನಪು" ಅಂತ ಗೋಣಿಚೀಲದಾಗೆ ಸುತ್ತಿಟ್ಟು, ಆಮೇಲೆ ತಿಂಗಳುಗಟ್ಟಲೆ ಆಫೀಸು ಅಲೆದಳು. ತಿಥಿ ಗದ್ದಲ ಮುಗೀತಿದ್ದಂಗೆ ಠಾಣೆಗೋ, ಲೈಸೆನ್ಸ್ ಇರೋ ಬಂದೂಕಿನ ಅಂಗಡಿಗೋ ಒಪ್ಪಿಸಿ ರಸೀದಿ ಇಸ್ಕಳ್ರಿ. ಬೇಕು ಅಂದ್ರೆ ಮಗನೋ ಮಗಳೋ ವಾರಸುದಾರರು ಅಂತ ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕ್ಲಿ, 21 ವರ್ಷ ತುಂಬಿರ್ಬೇಕು. 2019ರ ತಿದ್ದುಪಡಿ ಆದ್ಮೇಲೆ ಒಬ್ರ ಹೆಸರಲ್ಲಿ ಎರಡೇ ಬಂದೂಕು, ಮುಂಚೆ ಮೂರಿತ್ತು. ಮದುವೆ ದಿಬ್ಬಣದಾಗೆ ಜನರ ಜೀವಕ್ಕೆ ಅಪಾಯ ಆಗೋಂಗೆ ಗುಂಡು ಹಾರಿಸಿದ್ರೆ ಎರಡು ವರ್ಷದ ತನಕ ಜೈಲು, ಇಲ್ಲಾ ಒಂದು ಲಕ್ಷದ ತನಕ ದಂಡ, ಇಲ್ಲಾ ಎರಡೂ. ಲೈಸೆನ್ಸ್ ಈಗ ಐದು ವರ್ಷಕ್ಕೊಮ್ಮೆ ನವೀಕರಣ. ಆ ತಾರೀಕನ್ನ ಗಂಡಸ್ರು ನೆನಪಿಟ್ಕಳಲ್ಲ, ಗ್ಯಾಸ್ ಸಿಲಿಂಡರ್ ಬರೆಯೋ ಕ್ಯಾಲೆಂಡರ್ ಪಕ್ಕದಾಗೆ ನೀವೇ ಬರೆದಿಡ್ರಿ.